ಹಾಟ್ ಟಬ್‌ಗೆ ಉಪ್ಪಿನ ಕ್ಲೋರಿನೇಟರ್: ನೀವು ಕೇಳಿದ್ದೀರಿ

ಮೈಸೂರು, ಮಂಡ್ಯ ಜಿಲ್ಲೆಗಳ ಓದುಗರು ಕಳಿಸಿದ ಪತ್ರಗಳಲ್ಲಿ ಹಾಟ್ ಟಬ್ ನೀರಿಗೆ ಸಂಬಂಧಿಸಿದವನ್ನೆಲ್ಲ ಈ ಸಂಚಿಕೆಗೆ ಒಟ್ಟು ಮಾಡಿದ್ದೇವೆ. ಲೆಕ್ಕಗಳೆಲ್ಲ 1200 ಲೀಟರ್ ಹಿಡಿಯುವ, ನಾಲ್ಕೈದು ಜನ ಕೂರುವ ಅಕ್ರಿಲಿಕ್ ಟಬ್ಬಿಗೆ ಹಾಕಿದವು. ನಿಮ್ಮದು ಚಿಕ್ಕದಿದ್ದರೆ, ದೊಡ್ಡದಿದ್ದರೆ ಅದೇ ಪ್ರಮಾಣದಲ್ಲಿ ಇಳಿಸಿ, ಏರಿಸಿ. ಟಬ್ ಎಷ್ಟು ಲೀಟರಿನದೆಂದು ಗೊತ್ತಿಲ್ಲದಿದ್ದರೆ 20 ಲೀಟರಿನ ಬಕೆಟ್ ತುಂಬಲು ಪೈಪಿಗೆ ಎಷ್ಟು ಸೆಕೆಂಡ್ ಬೇಕೆಂದು ನೋಡಿಕೊಂಡು, ಟಬ್ ತುಂಬಿದ ಸಮಯದಿಂದ ಲೆಕ್ಕ ಹಾಕಿ. ಕ್ಯಾಟಲಾಗಿನ ಅಂಕಿ ಅನೇಕ ಸಲ ಅಂಚಿನವರೆಗೆ ತುಂಬಿದ ಲೆಕ್ಕವಾಗಿರುತ್ತದೆ. ನಾವು ಯಾರೂ ಅಂಚಿನವರೆಗೆ ತುಂಬಿಸುವುದಿಲ್ಲ.

ಉಪ್ಪಿನ ಯಂತ್ರ ಹಾಕಿಸಿದರೆ ಕ್ಲೋರಿನ್ ಬೇಕಾಗುವುದೇ ಇಲ್ಲ, ಕಣ್ಣು ಉರಿಯುವುದಿಲ್ಲ, ಮೈ ಕೆರೆಯುವುದಿಲ್ಲ ಎಂದು ಮಾರುವವರು ಹೇಳಿದರು. ಮಗಳಿಗೆ ಟಬ್ಬಿಗೆ ಇಳಿದ ಮೇಲೆ ಮೈಮೇಲೆ ಕೆಂಪು ಗುಳ್ಳೆ ಏಳುತ್ತದೆ. ಈ ಯಂತ್ರದಿಂದ ಉಪಯೋಗವಾದೀತೆ?
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಕ್ಲೋರಿನ್ ಬೇಡ ಅನ್ನುವುದು ಸುಳ್ಳು. ಆ ಯಂತ್ರದ ಕೆಲಸವೇ ಕ್ಲೋರಿನ್ ತಯಾರಿಸುವುದು. ಅದರೊಳಗೆ ಟೈಟೇನಿಯಂ ತಗಡುಗಳಿರುತ್ತವೆ, ಅವುಗಳ ಮೇಲೆ ರುಥೇನಿಯಂ, ಇರಿಡಿಯಂ ಆಕ್ಸೈಡುಗಳ ತೆಳುವಾದ ಲೇಪ. ಉಪ್ಪು ಕರಗಿದ ನೀರು ತಗಡುಗಳ ನಡುವೆ ಹಾಯುವಾಗ ಕಡಿಮೆ ವೋಲ್ಟೇಜಿನ ಡಿ.ಸಿ. ಕರೆಂಟ್ ಹರಿಯುತ್ತದೆ. ಒಂದು ತಗಡಿನಲ್ಲಿ ಉಪ್ಪಿನ ಕ್ಲೋರೈಡು ಕ್ಲೋರಿನ್ ಆಗುತ್ತದೆ, ಇನ್ನೊಂದರಲ್ಲಿ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಕ್ಲೋರಿನ್ ನೀರಿಗೆ ಸೇರಿ ಹೈಪೋಕ್ಲೋರಸ್ ಆಮ್ಲವಾಗಿ ಕ್ರಿಮಿ ಕೊಲ್ಲುತ್ತದೆ. ಕ್ಯಾನಿನಿಂದ ಸುರಿದ ಹೈಪೋ (ದ್ರವ ಸೋಡಿಯಂ ಹೈಪೋಕ್ಲೋರೈಟ್) ಕೂಡ ನೀರಿನಲ್ಲಿ ಆಗುವುದು ಇದೇ. ಕೆಲಸ ಮುಗಿಸಿದ ಕ್ಲೋರಿನ್ ಬಹುಪಾಲು ಮತ್ತೆ ಕ್ಲೋರೈಡಾಗುವುದರಿಂದ ಉಪ್ಪು ತೀರುವುದಿಲ್ಲ. ಚೆಲ್ಲಿ ಹೋದಷ್ಟು ಮಾತ್ರ ಕಡಿಮೆಯಾಗುತ್ತದೆ.

ಹಾಗಾದರೆ ಲಾಭವೇನು? ವಾರಕ್ಕೊಮ್ಮೆ ಒಟ್ಟಿಗೆ ಸುರಿದು, ನಡುವೆ ಸೊನ್ನೆಗೆ ಬೀಳಿಸುವ ಬದಲು ಇಡೀ ದಿನ ಸ್ವಲ್ಪ ಸ್ವಲ್ಪವೇ ಸೇರುತ್ತಿರುತ್ತದೆ. ಕಣ್ಣುರಿಗೂ, ಮೂಗಿಗೆ ಅಡರುವ 'ಸ್ವಿಮ್ಮಿಂಗ್ ಪೂಲ್ ವಾಸನೆ'ಗೂ ಕಾರಣ ಬೆವರು, ಮೂತ್ರದ ಅಂಶದೊಡನೆ ಕ್ಲೋರಿನ್ ಕೂಡಿ ಆಗುವ ಕ್ಲೋರಮೈನ್. ಸಾಮಾನ್ಯವಾಗಿ ಅದು ಕ್ಲೋರಿನ್ ಸಾಲದೆ ಹೋದ ನೀರಿನ ಲಕ್ಷಣ.

ಮಗಳ ವಿಷಯಕ್ಕೆ ಬರೋಣ. ಇಳಿದ ಒಂದೆರಡು ದಿನದಲ್ಲಿ, ಈಜುಡುಗೆ ಒತ್ತಿದ ಜಾಗದಲ್ಲೇ ಹೆಚ್ಚಾಗಿ ಕೆಂಪು ಗುಳ್ಳೆ ಎದ್ದರೆ ಅದು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಸೋಂಕಿರಬಹುದು. ಬಿಸಿನೀರಿನಲ್ಲಿ ಕ್ಲೋರಿನ್ ಕಡಿಮೆಯಾದಾಗ ಅದು ಬೆಳೆಯುತ್ತದೆ. ಚರ್ಮದ ವೈದ್ಯರಿಗೆ ತೋರಿಸುವಾಗ ಹಾಟ್ ಟಬ್ ಬಳಸಿದ ವಿಚಾರ ತಪ್ಪದೆ ಹೇಳಿ. 'ಕ್ಲೋರಿನ್ ಆಗಿಬರಲ್ಲ' ಎಂದುಕೊಂಡು ಪ್ರಮಾಣ ಇಳಿಸುವುದು ಇಲ್ಲಿ ತಿರುಗಿ ಹೊಡೆಯುತ್ತದೆ. ಹಾಟ್ ಟಬ್ಬಿಗೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುವ ಮಟ್ಟ ಹೀಗಿದೆ: ಕ್ಲೋರಿನ್ ಕನಿಷ್ಠ 3 ಪಿಪಿಎಂ (ಅಂದರೆ ಲೀಟರಿಗೆ 3 ಮಿಲಿಗ್ರಾಂ), ಪಿಎಚ್ 7.0ರಿಂದ 7.8, ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. 5 ವರ್ಷದೊಳಗಿನ ಮಕ್ಕಳನ್ನು ಇಳಿಸಲೇಬಾರದು. ಉಪ್ಪಿನ ಯಂತ್ರವಿದೆ ಎಂದು ಇದರಲ್ಲಿ ಯಾವುದಕ್ಕೂ ರಿಯಾಯಿತಿ ಇಲ್ಲ.

ನಮ್ಮ ಬೋರ್‌ವೆಲ್ ನೀರೇ ಉಪ್ಪು. ಟಿಡಿಎಸ್ ಮೀಟರ್ 900 ತೋರಿಸುತ್ತದೆ. ಅದನ್ನೇ ತುಂಬಿಸಿದರೆ ಹಾಕುವ ಉಪ್ಪು ಅರ್ಧ ಉಳಿಯುತ್ತದಲ್ಲವೆ?
— ಬೋಗಾದಿ ರಿಂಗ್ ರಸ್ತೆ ಆಚೆಯ ಬಡಾವಣೆಯಿಂದ

ಉಳಿಯುವುದಿಲ್ಲ. ನಿಮ್ಮ ಬೋರ್ ನೀರಿನ ಉಪ್ಪು ಬಹುಮಟ್ಟಿಗೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೈಕಾರ್ಬೊನೇಟು, ಅಂದರೆ ಗಡಸುತನ. ಗೀಸರ್ ಕಾಯಿಲಿಗೆ ಬಿಳಿಯಾಗಿ ಕಟ್ಟುವುದು ಅದೇ. ಯಂತ್ರಕ್ಕೆ ಬೇಕಾದದ್ದು ಸೋಡಿಯಂ ಕ್ಲೋರೈಡು. ಟಿಡಿಎಸ್ ಮೀಟರ್ ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆಂದು ನೋಡಿ ಅಂಕಿ ಕೊಡುತ್ತದೆಯೇ ಹೊರತು ಯಾವ ಲವಣವೆಂದು ಅದಕ್ಕೆ ತಿಳಿಯದು. ಕೆಟ್ಟ ಸಂಗತಿಯೆಂದರೆ ಕ್ಲೋರಿನೇಟರಿನ ಪರದೆಯೂ ಬಹುತೇಕ ಹಾಗೆಯೇ ಅಳೆಯುತ್ತದೆ. ಹಾಗಾಗಿ ಗಡಸು ನೀರಿನಲ್ಲಿ 'ಉಪ್ಪು ಸರಿಯಿದೆ' ಎಂಬ ಹಸಿರು ದೀಪ ಉರಿಯುತ್ತಿದ್ದರೂ ನೀರಿನಲ್ಲಿ ಸಾಕಷ್ಟು ಕ್ಲೋರೈಡ್ ಇಲ್ಲದಿರಬಹುದು, ಕ್ಲೋರಿನ್ ಸಾಲದೆ ಹೋಗಬಹುದು. ತುಂಬಿಸಿದ ತಕ್ಷಣ ಮೀಟರಿನ ಅಂಕಿ ಬರೆದಿಟ್ಟುಕೊಳ್ಳಿ. ಉಪ್ಪು ಹಾಕಿದ ಮೇಲಿನ ಅಂಕಿಯಿಂದ ಅದನ್ನು ಕಳೆದರೆ ಉಳಿದದ್ದು ಸುಮಾರಾಗಿ ಉಪ್ಪು. ಅಳೆಯುವ ಮುಂಚೆ ಲೋಟದ ನೀರು ತಣ್ಣಗಾಗಿರಲಿ. ಅಗ್ಗದ ಮೀಟರುಗಳು ಬಿಸಿನೀರಿನಲ್ಲಿ ದಾರಿ ತಪ್ಪುತ್ತವೆ.

ಗಡಸು ನೀರಿನ ದೊಡ್ಡ ತೊಂದರೆ ಬೇರೆಯೇ ಇದೆ. ನೀರು ಬಿಸಿಯಾದಷ್ಟೂ, ಪಿಎಚ್ ಏರಿದಷ್ಟೂ ಸುಣ್ಣ ಕಟ್ಟುವುದು ಹೆಚ್ಚು. ಕ್ಲೋರಿನೇಟರಿನ ಋಣ ತಗಡಿನ ಮೇಲೆ ಎರಡೂ ಒಟ್ಟಿಗಿರುತ್ತವೆ. ಅಕ್ರಿಲಿಕ್ ಟಬ್ಬಿಗೆ ಗಡಸುತನ 50ರಿಂದ 150 ಪಿಪಿಎಂ ಇದ್ದರೆ ಸಾಕು. ನಗರದ ಕಾವೇರಿ ನೀರು ಸಿಗುವವರು ಅದನ್ನೇ ತುಂಬಿಸಲಿ, ಮೂರು ನಾಲ್ಕು ತಿಂಗಳಿಗೊಮ್ಮೆ ತುಂಬುವ 1200 ಲೀಟರ್ ದೊಡ್ಡ ಬಾಬತ್ತಲ್ಲ. ಇಲ್ಲದವರು ಮನೆಯ ಸಾಫ್ಟ್‌ನರ್ ನೀರಿಗೆ ಸ್ವಲ್ಪ ಬೋರ್ ನೀರು ಬೆರೆಸಲಿ. ಒಂದು ಮಾತು ನೆನಪಿರಲಿ: ಸಾಫ್ಟ್‌ನರ್ ಗಡಸುತನ ತೆಗೆಯುತ್ತದೆ, ಕ್ಷಾರತೆಯನ್ನು, ಅಂದರೆ ನೀರಿನ ಬೈಕಾರ್ಬೊನೇಟನ್ನು, ತೆಗೆಯುವುದಿಲ್ಲ. ಪಿಎಚ್ ಏರುವ ಕಾಟ ಹಾಗೇ ಉಳಿಯುತ್ತದೆ. ಅದಕ್ಕೆ ಮುಂದೆ ಪರಿಹಾರವಿದೆ.

ಯಾವ ಉಪ್ಪು, ಎಷ್ಟು? ಅಡುಗೆಯ ಅಯೋಡಿನ್ ಉಪ್ಪು ನಡೆಯುತ್ತದೆಯೆ? ಕಲ್ಲುಪ್ಪು ಶುದ್ಧವಲ್ಲವೆ?
— ಸರಸ್ವತಿಪುರಂ, ಮೈಸೂರು

ವಾಟರ್ ಸಾಫ್ಟ್‌ನರಿಗೆ ಹಾಕುವ ಬಿಳಿ ಉಪ್ಪಿನ ಬಿಲ್ಲೆ ತನ್ನಿ. ಚೀಲದ ಮೇಲೆ 99.5 ಶೇಕಡ ಅಥವಾ ಹೆಚ್ಚು ಸೋಡಿಯಂ ಕ್ಲೋರೈಡ್ ಎಂದಿರಬೇಕು. ತುಕ್ಕು ತೆಗೆಯುವ ರಾಸಾಯನಿಕ ಸೇರಿಸಿದ ಚೀಲ ಬೇಡ.

ಅಯೋಡಿನ್ನಿಗೆ ಜನ ಅಂಜುವಷ್ಟು ಅಂಜಬೇಕಿಲ್ಲ. ಕಿಲೋ ಉಪ್ಪಿನಲ್ಲಿ 30 ಮಿಲಿಗ್ರಾಂ ಇದ್ದರೂ ನೀವು ಹಾಕುವ ಎರಡು ಕಿಲೋ ಉಪ್ಪಿನಿಂದ ಲೀಟರ್ ನೀರಿಗೆ 0.1 ಮಿಲಿಗ್ರಾಂ ಕೂಡ ಬರುವುದಿಲ್ಲ. ಪುಡಿ ಉಪ್ಪು ಬೇಡ ಅನ್ನುವುದು ಅದು ಗಂಟು ಕಟ್ಟದಿರಲೆಂದು ಸೇರಿಸುವ ಪದಾರ್ಥಗಳಿಗಾಗಿ. ಕೆಲವು ಕರಗದೆ ನೀರನ್ನು ಮಬ್ಬಾಗಿಸುತ್ತವೆ. ಕಲ್ಲುಪ್ಪಿನಲ್ಲಿ ಮಣ್ಣು, ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುತ್ತದೆ, ಸೈಂಧವ ಲವಣದ ಗುಲಾಬಿ ಬಣ್ಣ ಕಬ್ಬಿಣದ್ದು. ಎಪ್ಸಮ್ ಸಾಲ್ಟ್ ಹೆಸರಿಗಷ್ಟೇ ಉಪ್ಪು, ಅದರಲ್ಲಿ ಕ್ಲೋರೈಡೇ ಇಲ್ಲ.

ಪ್ರಮಾಣ: 1000 ಲೀಟರಿಗೆ 1 ಕಿಲೋ ಹಾಕಿದರೆ 1000 ಪಿಪಿಎಂ. ಹಾಟ್ ಟಬ್ಬಿನ ಯಂತ್ರಗಳು ಸಾಮಾನ್ಯವಾಗಿ 1500ರಿಂದ 2000 ಕೇಳುತ್ತವೆ, ಕೆಲವು 3000. ನಿಮ್ಮ ಯಂತ್ರದ ಕೈಪಿಡಿ ಹೇಳಿದ್ದೇ ಕೊನೆ ಮಾತು. 1800 ಬೇಕಾದರೆ 1200 ಲೀಟರಿಗೆ 2.16 ಕಿಲೋ. ಸಮುದ್ರದ ನೀರು ಸುಮಾರು 35,000 ಪಿಪಿಎಂ, ಆದ್ದರಿಂದ ನಾಲಿಗೆಗೆ ಉಪ್ಪು ಹತ್ತಲಿಲ್ಲವೆಂದು ಇನ್ನಷ್ಟು ಸುರಿಯಬೇಡಿ.

ಮೊದಲು ಯಂತ್ರ ಆಫ್ ಮಾಡಿ. ಒಂದೂವರೆ ಕಿಲೋ ಉಪ್ಪನ್ನು ಬಕೆಟ್ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಜೆಟ್ ಓಡುತ್ತಿರುವಾಗ ಸುತ್ತಲೂ ಸುರಿಯಿರಿ. ಫಿಲ್ಟರ್ ಬಾಯಿಗೆ ಸುರಿಯಬೇಡಿ. ಅರ್ಧ ಗಂಟೆ ಪಂಪ್ ಓಡಿದ ಮೇಲೆ ಅಳೆದು, ಉಳಿದದ್ದನ್ನು ನೋಡಿಕೊಂಡು ಹಾಕಿ. ಹೆಚ್ಚಾದ ಉಪ್ಪನ್ನು ತೆಗೆಯಲು ನೀರು ಚೆಲ್ಲುವುದೊಂದೇ ದಾರಿ. ಉಪ್ಪು ಹೆಚ್ಚಾದರೆ ಯಂತ್ರ ಅಧಿಕ ಕರೆಂಟ್ ಎಳೆದು ಪವರ್ ಸಪ್ಲೈ ಬಿಸಿಯಾಗುತ್ತದೆ, ಕಡಿಮೆಯಾದರೆ ತಗಡಿನ ಲೇಪ ಬೇಗ ಸವೆಯುತ್ತದೆ.

ಹೊಸ ನೀರಿಗೆ ಮೊದಲ ವಾರ ಈಜುಕೊಳದ ಕ್ಲೋರಿನ್ ಬಿಲ್ಲೆಯನ್ನೇ ಹಾಕಿದರೆ ಆಗದೆ? ಅಂಗಡಿಯಲ್ಲಿ ಅದೇ ಕೊಟ್ಟರು.
— ಮಂಡ್ಯ

ಆಗದು. ಅದು ಟಿಸಿಸಿಎ ಎಂಬ ನಿಧಾನವಾಗಿ ಕರಗುವ ಕ್ಲೋರಿನ್ ಬಿಲ್ಲೆ, 200 ಗ್ರಾಂ ತೂಕ. ಒಂದು ಬಿಲ್ಲೆ ಪೂರ್ತಿ ಕರಗಿದರೆ 1200 ಲೀಟರಿಗೆ 150 ಪಿಪಿಎಂ ಕ್ಲೋರಿನ್, 90ರಷ್ಟು ಸೈನ್ಯೂರಿಕ್ ಆಮ್ಲ (ಕ್ಲೋರಿನ್ನನ್ನು ಹಿಡಿದಿಟ್ಟುಕೊಳ್ಳುವ ಪದಾರ್ಥ)! ಲಕ್ಷ ಲೀಟರಿನ ಕೊಳಕ್ಕೆ ಮಾಡಿದ್ದನ್ನು ನೀವು ತೊಟ್ಟಿಗೆ ಹಾಕುತ್ತಿದ್ದೀರಿ. ಜೊತೆಗೆ ಅದು ತೀವ್ರ ಆಮ್ಲೀಯ. ಕೂತ ಕಡೆ ಅಕ್ರಿಲಿಕ್ಕನ್ನೂ, ಆಮೇಲೆ ಹೀಟರನ್ನೂ ತಿನ್ನುತ್ತದೆ.

ಮೊದಲ ವಾರಕ್ಕೆ ಬೇಗ ಕರಗುವ ಕ್ಲೋರಿನ್ನಾದ ಎಸ್‌ಡಿಐಸಿ ಹರಳು ತನ್ನಿ. ಒಂದು ಸಲಕ್ಕೆ 8 ಗ್ರಾಂ ಹಾಕಿದರೆ 3.5 ಪಿಪಿಎಂಗಿಂತ ತುಸು ಹೆಚ್ಚು ಕ್ಲೋರಿನ್ ಬರುತ್ತದೆ. ಹೀಗೆ ವಾರದಲ್ಲಿ ಒಟ್ಟು 60 ಗ್ರಾಂ ಮುಗಿಯುವಷ್ಟರಲ್ಲಿ ಸೈನ್ಯೂರಿಕ್ 25 ಪಿಪಿಎಂ ಆಗಿರುತ್ತದೆ. ಅಲ್ಲಿಗೆ ನಿಲ್ಲಿಸಿ, ಯಂತ್ರ ಹಚ್ಚಿ. ಈ ಸ್ವಲ್ಪ ಸೈನ್ಯೂರಿಕ್ ಕ್ಲೋರಿನ್ನಿನ ಖಾರ ಕಡಿಮೆ ಮಾಡಿ, ಮುಚ್ಚಳ, ತಲೆದಿಂಬು ಹಾಳಾಗುವುದನ್ನು ತಡೆಯುತ್ತದೆ. ಹೆಚ್ಚಾದರೆ ಕ್ರಿಮಿ ಕೊಲ್ಲುವ ಶಕ್ತಿಯೇ ಕುಂದುತ್ತದೆ. ಹಾಟ್ ಟಬ್ಬುಗಳಿಗೆ ಸೈನ್ಯೂರಿಕ್ ಬೇಡವೇ ಬೇಡ ಅನ್ನುವುದು ಸಿಡಿಸಿಯ ಸಲಹೆ. ಬಾಡಿಗೆ ಅತಿಥಿಗಳಿಗೆ ಕೊಡುವ ಟಬ್ಬಾದರೆ ಅದನ್ನೇ ಪಾಲಿಸಿ, ಶುರುವಿನಿಂದಲೂ ದ್ರವ ಹೈಪೋ ಬಳಸಿ. ಮನೆಮಟ್ಟಿಗೆ 30 ದಾಟಿಸಬೇಡಿ, ಕ್ಲೋರಿನ್ 4ರ ಆಸುಪಾಸಿನಲ್ಲಿರಲಿ.

ಬ್ಲೀಚಿಂಗ್ ಪೌಡರ್ ಕೂಡ ಬೇಡ, ಅರ್ಧಕ್ಕರ್ಧ ಸುಣ್ಣವನ್ನೇ ಸುರಿದಂತಾಗುತ್ತದೆ. ಬ್ಲೀಚಿಂಗ್ ಪೌಡರ್ ಎತ್ತಿದ ಚಮಚವನ್ನು ಟಿಸಿಸಿಎ ಅಥವಾ ಎಸ್‌ಡಿಐಸಿ ಡಬ್ಬಕ್ಕೆ ಇಡಲೇಬಾರದು. ಇವು ಒಂದಕ್ಕೊಂದು ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಬಹುದು.

ಶ್ರೀರಂಗಪಟ್ಟಣದ ಬಳಿ ಹೋಂಸ್ಟೇ ಇದೆ. ಶನಿವಾರ, ಭಾನುವಾರ ಅತಿಥಿಗಳು ಹೋದ ಮೇಲೆ ಸೋಮವಾರ ನೀರು ಮಬ್ಬು. ಯಂತ್ರವನ್ನು ಪೂರ್ತಿ ನೂರಕ್ಕೆ ಇಟ್ಟಿದ್ದೇವೆ. ಯಂತ್ರ ಕೆಟ್ಟಿದೆಯೆ?
— ಹೋಂಸ್ಟೇ ನಡೆಸುವವರು

ಯಂತ್ರ ಚೆನ್ನಾಗಿಯೇ ಇರಬಹುದು, ಅದರ ತಾಕತ್ತೇ ಅಷ್ಟು. 40 ಡಿಗ್ರಿ ನೀರಿನಲ್ಲಿ ಒಬ್ಬರು ಒಂದು ಗಂಟೆ ಕೂತರೆ ಸುಮಾರು 9 ಗ್ರಾಂ ಕ್ಲೋರಿನ್ ಖರ್ಚಾಗುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ. ನಾಲ್ವರು ಒಂದೂವರೆ ಗಂಟೆ ಕೂತರೆ 54 ಗ್ರಾಂ. ಟಬ್ಬಿನೊಳಗೆ ಇಳಿಬಿಡುವ ಸಣ್ಣ ಯಂತ್ರಗಳಲ್ಲಿ ಹಲವು ಗಂಟೆಗೆ 2 ಗ್ರಾಂ ಕೊಡುವಂಥವು. ನಿಮ್ಮದರ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ನೋಡಿ. 2 ಗ್ರಾಂನದಾದರೆ ಶನಿವಾರ ರಾತ್ರಿಯ ಸಾಲ ತೀರಿಸಲು 27 ಗಂಟೆ ಬೇಕು. ಅಷ್ಟರಲ್ಲಿ ಭಾನುವಾರದವರು ಇಳಿದಿರುತ್ತಾರೆ.

ಮನೆಯಲ್ಲಿ ಗಂಡ ಹೆಂಡತಿ ಅರ್ಧರ್ಧ ಗಂಟೆ ಕೂರುವ ಲೆಕ್ಕ ಬೇರೆ. ಅದಕ್ಕೆ 9 ಗ್ರಾಂ, ತಾನಾಗಿ ಕಳೆಯುವುದಕ್ಕೆ 1 ಗ್ರಾಂ ಚಿಲ್ಲರೆ, ಒಟ್ಟು 10 ಗ್ರಾಂ. ಐದು ಗಂಟೆ ಓಡಿದರೆ ಸರಿಹೋಯಿತು. ಈ ಯಂತ್ರಗಳನ್ನು ಮಾಡಿರುವುದೇ ಇಂಥ ಬಳಕೆಗೆ. ಜಾತ್ರೆಯಂತೆ ಜನ ಬಂದಾಗ ಕೈಯಿಂದಲೇ ಹಾಕಬೇಕು.

ಹೊಸ ಕ್ಯಾನಿನ 10 ಶೇಕಡ ಸೋಡಿಯಂ ಹೈಪೋಕ್ಲೋರೈಟ್ ಒಂದು ಲೀಟರಿನಲ್ಲಿ 100 ಗ್ರಾಂ ಕ್ಲೋರಿನ್ ಇರುತ್ತದೆ. 54 ಗ್ರಾಂಗೆ 540 ಮಿಲಿಲೀಟರ್. ಅತಿಥಿಗಳು ಎದ್ದ ಕೂಡಲೇ ಅರ್ಧ ಸುರಿದು, ಮುಚ್ಚಳ ತೆರೆದೇ 20 ನಿಮಿಷ ಜೆಟ್ ಓಡಿಸಿ. ಬೆಳಿಗ್ಗೆ ಅಳೆದು ಉಳಿದದ್ದನ್ನು ಬೇಕಾದಷ್ಟೇ ಹಾಕಿ. ಯಾರಾದರೂ ಇಳಿಯುವ ಮುನ್ನ 3ಕ್ಕಿಂತ ಮೇಲೆ, 10ಕ್ಕಿಂತ ಕೆಳಗೆ ಇರಲೇಬೇಕು. 3 ಮುಟ್ಟದಿದ್ದರೆ ಟಬ್ಬಿಗೆ ಬೀಗ ಹಾಕಿ, ಅತಿಥಿ ಗೊಣಗಿದರೆ ಗೊಣಗಲಿ. ಜೆಟ್ಟಿನಿಂದ ಏಳುವ ಸಣ್ಣ ಹನಿಯಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಹೋದರೆ ಬರುವುದು ನ್ಯುಮೋನಿಯಾ. ವಯಸ್ಸಾದ ಅತಿಥಿಗಳಿಗೆ ಅದು ಪ್ರಾಣಕ್ಕೇ ಎರವಾಗಬಹುದು. ಕ್ಯಾನನ್ನು ಬಿಸಿಲಿನಲ್ಲಿ, ತಗಡಿನ ಶೆಡ್ಡಿನಲ್ಲಿ ಇಡಬೇಡಿ. ಬೇಸಿಗೆಯಲ್ಲಿ ಅದರ ಶಕ್ತಿ ಬೇಗ ಇಳಿಯುತ್ತದೆ. ಹಳೆಯ ಕ್ಯಾನಿಗೆ ಪ್ರಮಾಣ ಹೆಚ್ಚಿಸಿ, ಅಳೆದು ನೋಡಿ.

ನೂರಕ್ಕೆ ಇಟ್ಟೇ ಬಿಡುವ ಅಭ್ಯಾಸವೂ ಒಳ್ಳೆಯದಲ್ಲ. ಮಂಗಳವಾರದಿಂದ ಗುರುವಾರದವರೆಗೆ ಯಾರೂ ಇಳಿಯದಿದ್ದಾಗ ದಿನಕ್ಕೆ ಒಂದು ಗಂಟೆ ಓಡಿದರೆ ಸಾಕು. ಇಲ್ಲವಾದರೆ ಕ್ಲೋರಿನ್ ಹತ್ತು ಹದಿನೈದಕ್ಕೆ ಏರಿ, ಮುಚ್ಚಳದ ಒಳಮೈ ಬಿರುಕು ಬಿಡುತ್ತದೆ.

ನೀರು ಬದಲಾಯಿಸುವುದಕ್ಕೆ ಹಳೆಯದೊಂದು ಸೂತ್ರವಿದೆ. ಲೀಟರನ್ನು 11ರಿಂದ ಭಾಗಿಸಿ, ಬಂದದ್ದನ್ನು ದಿನದ ಸರಾಸರಿ ಜನರಿಂದ ಭಾಗಿಸಿ. ದಿನಕ್ಕೆ ನಾಲ್ವರಾದರೆ 27 ದಿನ. ಮನೆಯವರು ಇದನ್ನು ಹಿಗ್ಗಿಸಬಹುದು, ಹೋಂಸ್ಟೇಯವರು ಹಿಗ್ಗಿಸದಿರುವುದೇ ವಾಸಿ. ಖಾಲಿ ಮಾಡುವ ಮೊದಲು ಪೈಪುಗಳ ಒಳಗಿನ ಲೋಳೆ ಕೀಳುವ ದ್ರಾವಣ ಹಾಕಿ ಎಲ್ಲ ಜೆಟ್ಟುಗಳನ್ನೂ ಓಡಿಸಿ. ಕಂದು ಬಣ್ಣದ ಚಕ್ಕೆ ಮೇಲೆ ಬಂದರೆ ಗಾಬರಿ ಬೇಡ, ಅದು ಹೊರಬರಲೆಂದೇ ಹಾಕಿದ್ದು.

ಎರಡು ದಿನಕ್ಕೊಮ್ಮೆ ಪಿಎಚ್ 8.2 ಆಗುತ್ತದೆ. ಆಸಿಡ್ ಹಾಕಿ ಹಾಕಿ ಸಾಕಾಗಿದೆ.
— ವಿಜಯನಗರ 4ನೇ ಹಂತ, ಮೈಸೂರು

ನಿಮ್ಮ ನೀರಿನ ಕ್ಷಾರತೆ ಅಳೆದಿದ್ದೀರಾ? ಬಹುಶಃ 120, 140 ಇರುತ್ತದೆ. ನೀರಿನಲ್ಲಿರುವ ಬೈಕಾರ್ಬೊನೇಟಿನಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋದಂತೆಲ್ಲ ಪಿಎಚ್ ಏರುತ್ತದೆ. ಜೆಟ್ಟಿನ ಗಾಳಿಯೂ ಕ್ಲೋರಿನೇಟರಿನ ಹೈಡ್ರೋಜನ್ ಗುಳ್ಳೆಯೂ ಅದನ್ನು ಓಡಿಸುತ್ತಲೇ ಇರುತ್ತವೆ. ನೀವು ಸ್ವಲ್ಪ ಆಸಿಡ್ ಹಾಕಿ 7.2ಕ್ಕೆ ಇಳಿಸಿದಾಗ ಅದು ಇನ್ನೂ ಜೋರಾಗಿ ಹೊರಡುತ್ತದೆ. ಪಿಎಚ್ಚಿನ ಹಿಂದೆ ಓಡುವುದು ಬಿಟ್ಟು ಕ್ಷಾರತೆಯನ್ನು 50–60ಕ್ಕೆ ತನ್ನಿ.

31–33 ಶೇಕಡದ ಮ್ಯೂರಿಯಾಟಿಕ್ (ಹೈಡ್ರೋಕ್ಲೋರಿಕ್) ಆಸಿಡ್ 20 ಮಿಲಿ ಹಾಕಿದರೆ 1000 ಲೀಟರಿನಲ್ಲಿ ಕ್ಷಾರತೆ 10 ಪಿಪಿಎಂ ಇಳಿಯುತ್ತದೆ. 140ರಿಂದ 60ಕ್ಕೆ ತರಲು 1200 ಲೀಟರಿಗೆ ಸುಮಾರು 190 ಮಿಲಿ. ಒಂದೇ ಸಲ ಬೇಡ. 40 ಮಿಲಿಯನ್ನು ಬಕೆಟ್ ನೀರಿಗೆ ಸೇರಿಸಿ ಟಬ್ಬಿಗೆ ಸುರಿದು, ಗಾಳಿಯ ವಾಲ್ವುಗಳನ್ನು ಪೂರ್ತಿ ತೆರೆದು, ಮುಚ್ಚಳ ತೆಗೆದು ಜೆಟ್ ಓಡಿಸಿ. ಪಿಎಚ್ 7.6 ಮುಟ್ಟಿದಾಗ ಮುಂದಿನ 40 ಮಿಲಿ. ಒಂದೆರಡು ದಿನದ ಕೆಲಸ. ಆಮೇಲೆ ಪಿಎಚ್ 7.6–7.8ರಲ್ಲಿ ತಾನೇ ನಿಂತರೆ ಅಲ್ಲಿಗೇ ಬಿಡಿ, 7.2ಕ್ಕೆ ಎಳೆಯಬೇಡಿ. 8 ದಾಟಲು ಮಾತ್ರ ಬಿಡಬಾರದು: 7.5ರಲ್ಲಿ ಕ್ಲೋರಿನ್ನಿನ ಅರ್ಧ ಭಾಗ ಚುರುಕಾದ ಹೈಪೋಕ್ಲೋರಸ್ ರೂಪದಲ್ಲಿದ್ದರೆ 8ರಲ್ಲಿ ಕಾಲು ಭಾಗಕ್ಕೆ ಇಳಿಯುತ್ತದೆ, ಮೇಲೆ ಸುಣ್ಣವೂ ಕಟ್ಟುತ್ತದೆ.

ಟಾಯ್ಲೆಟ್ ತೊಳೆಯುವ ಹಳದಿ ಆಸಿಡ್ ತರಬೇಡಿ. ಆ ಹಳದಿ ಸಾಮಾನ್ಯವಾಗಿ ಕಬ್ಬಿಣದ್ದು, ಕಲೆಯಾಗುತ್ತದೆ. ಸೋಪು ಬೆರೆತಿದ್ದರೆ ನೊರೆಯೂ ಖಚಿತ. ಯಾವಾಗಲೂ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್ಡಿಗೆ ನೀರಲ್ಲ. ಹೈಪೋ ಅಳೆದ ಲೋಟದಲ್ಲಿ ಆಸಿಡ್ ಅಳೆದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಇಷ್ಟಾದರೂ ಪಿಎಚ್ ನಿಲ್ಲದಿದ್ದರೆ ಬೋರಿಕ್ ಆಮ್ಲ 340 ಗ್ರಾಂ ಕರಗಿಸಿ ಹಾಕಬಹುದು, 1200 ಲೀಟರಿಗೆ 50 ಪಿಪಿಎಂ ಬೋರಾನ್ ಆಗಿ ಪಿಎಚ್ಚಿನ ಓಟ ತಗ್ಗುತ್ತದೆ. ಕ್ಯಾರಂ ಬೋರ್ಡಿಗೆ ಉದುರಿಸುವ ಪುಡಿ ಬೇಡ, ಶುದ್ಧ ಬೋರಿಕ್ ಆಮ್ಲವೇ ಬೇಕು. ನಾಯಿ ಬಂದು ಟಬ್ಬಿನ ನೀರು ಕುಡಿಯುವ ಮನೆಯಲ್ಲಿ ಇದರ ಸಹವಾಸ ಬೇಡ.

ತಗಡುಗಳ ಮೇಲೆ ಬಿಳಿಯ ಪದರ ಕಟ್ಟಿದೆ, 'ಸೆಲ್ ಪರೀಕ್ಷಿಸಿ' ಎಂದು ದೀಪ ಮಿನುಗುತ್ತದೆ. ಚಾಕುವಿನಿಂದ ಕೆರೆಯಬಹುದೆ?
— ಹೂಟಗಳ್ಳಿ

ಚಾಕು, ಸ್ಟೀಲ್ ನಾರು, ಹುಣಸೆಹಣ್ಣು ಹಾಕಿ ಹಿತ್ತಾಳೆ ಚೆಂಬಿನಂತೆ ತಿಕ್ಕುವುದು, ಯಾವುದೂ ಬೇಡ. ಲೇಪ ಕಿತ್ತರೆ ಸೆಲ್ (ಯಂತ್ರದ ತಗಡುಗಳಿರುವ ಭಾಗ) ಮುಗಿದಂತೆ. ಕರೆಂಟ್ ತೆಗೆದು ಸೆಲ್ಲನ್ನು ಹೊರತೆಗೆಯಿರಿ. ಪ್ಲಾಸ್ಟಿಕ್ ಮಗ್ಗಿನಲ್ಲಿ ನಾಲ್ಕು ಪಾಲು ನೀರು, ಅದಕ್ಕೆ ಒಂದು ಪಾಲು ಮ್ಯೂರಿಯಾಟಿಕ್ ಆಸಿಡ್. ತಗಡು ಮುಳುಗುವಷ್ಟು ಇಳಿಸಿ, ತಂತಿಯ ಕೊನೆ ನೆನೆಯಬಾರದು. ನೊರೆ ನಿಂತ ಕೂಡಲೇ, ಹೆಚ್ಚೆಂದರೆ ಹತ್ತು ನಿಮಿಷಕ್ಕೆ, ತೆಗೆದು ತೊಳೆಯಿರಿ. ಪದರ ತೆಳ್ಳಗಿದ್ದರೆ ಬಿಳಿ ವಿನೆಗರ್ ಸಾಕು, ಸಮಯ ಹೆಚ್ಚು ಹಿಡಿಯುತ್ತದೆ ಅಷ್ಟೆ. ಆಸಿಡ್ ಸ್ನಾನ ಲೇಪವನ್ನೂ ಸವೆಸುವುದರಿಂದ ಬಿಳಿ ಕಾಣದೆ ಮಾಡಿಸಬೇಡಿ. ತಿಂಗಳಿಗೊಮ್ಮೆ ಹೀಗೆ ತೊಳೆಯಬೇಕಾಗಿ ಬಂದರೆ ತಪ್ಪು ಸೆಲ್ಲಿನದಲ್ಲ, ನೀರಿನ ಗಡಸುತನದ್ದು, ಪಿಎಚ್ಚಿನದು.

ತೊಳೆದ ಮೇಲೂ ದೀಪ ಮಿನುಗಿದರೆ ಉಪ್ಪನ್ನು ಬೇರೆಯಾಗಿ ಅಳೆಯಿರಿ. ಅದೂ ಸರಿಯಿದ್ದರೆ ತಗಡನ್ನು ಬೆಳಕಿಗೆ ಹಿಡಿಯಿರಿ. ಕಪ್ಪುಬೂದು ಲೇಪ ಹೋಗಿ ಬರೀ ಲೋಹ ಹೊಳೆಯುತ್ತಿದ್ದರೆ ಹೊಸ ಸೆಲ್ ಬೇಕು.

ಮಗ ಅಮೆರಿಕದಿಂದ ಯಂತ್ರ ತಂದಿದ್ದಾನೆ. ಇಲ್ಲಿನ ಪ್ಲಗ್ಗಿಗೆ ಹಾಕಲು ಭಯ. ಕರೆಂಟ್ ಹೋಗಿ ಬರುವುದರಿಂದ ಏನಾದರೂ ತೊಂದರೆಯೆ?
— ಜಯಲಕ್ಷ್ಮೀಪುರಂ, ಮೈಸೂರು

ಪವರ್ ಸಪ್ಲೈ ಮೇಲಿನ ಚೀಟಿ ಓದಿ. ಒಳಬರುವ ವೋಲ್ಟೇಜ್ '100–240' ಎಂದಿದ್ದರೆ ಪಿನ್ ಬದಲಿಸಿದರೆ ಸಾಕು. ಬರೀ '120' ಎಂದಿದ್ದರೆ ನೇರವಾಗಿ ಹಾಕಿದ ಕ್ಷಣದಲ್ಲೇ ಸುಡುತ್ತದೆ. ಚೀಟಿಯಲ್ಲಿರುವ ವ್ಯಾಟ್‌ಗಿಂತ ದುಪ್ಪಟ್ಟು ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಯಂತ್ರ 60 ಹರ್ಟ್ಜ್‌ಗೆ ಮಾತ್ರವೇ, ನಮ್ಮ 50 ಹರ್ಟ್ಜ್‌ಗೂ ನಡೆಯುತ್ತದೆಯೇ ಎಂಬುದನ್ನೂ ಅದೇ ಚೀಟಿಯಲ್ಲಿ ನೋಡಿ. ಮನೆಯಲ್ಲಿ ಬಿದ್ದಿರುವ 12 ವೋಲ್ಟಿನ ಅಡಾಪ್ಟರ್ ಜೋಡಿಸುವ ಸಾಹಸ ಬೇಡ. ಈ ಪವರ್ ಸಪ್ಲೈಗಳು ಕರೆಂಟನ್ನು ಮಿತಿಯಲ್ಲಿಟ್ಟು, ಆಗಾಗ ಧನ ಋಣ ಅದಲುಬದಲು ಮಾಡಿ ಸುಣ್ಣ ಉದುರಿಸುತ್ತವೆ. ಸಾದಾ ಅಡಾಪ್ಟರಿಗೆ ಅದು ಬಾರದು.

ಟಬ್ಬಿನ ಲೈನಿಗೆ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯೂ ಒಳ್ಳೆಯ ಅರ್ತಿಂಗೂ ಇಲ್ಲದಿದ್ದರೆ ಕ್ಲೋರಿನೇಟರ್ ಮಾತು ಆಮೇಲೆ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಕರೆಂಟ್ ಹೋಗಿ ಬಂದಾಗ ಕೆಲವು ಯಂತ್ರಗಳ ಟೈಮರ್ ಮೊದಲಿನ ಸ್ಥಿತಿಗೆ ಮರಳುತ್ತದೆ, ಕೆಲವು ಆರಿಯೇ ಇರುತ್ತವೆ. ಊರಿಗೆ ಹೋಗಿ ಬಂದವರು ಯಂತ್ರ ನೋಡದೆ ಟಬ್ಬಿಗೆ ಇಳಿಯಬಾರದು. ಪಂಪ್ ಓಡುವಾಗ ಮಾತ್ರ ಸೆಲ್ ಓಡುವಂತೆ ಜೋಡಿಸಿ. ನೀರು ನಿಂತಿರುವಾಗ ಸೆಲ್ ಓಡಿದರೆ ಹೈಡ್ರೋಜನ್ ಮುಚ್ಚಳದಡಿ ಸೇರುತ್ತದೆ. ಪ್ರಮಾಣ ಸಣ್ಣದೇ, ಆದರೂ ಮುಚ್ಚಳ ತೆಗೆದು ಎರಡು ನಿಮಿಷ ಬಿಟ್ಟು ಆಮೇಲೆ ಸೊಳ್ಳೆ ಬತ್ತಿಯನ್ನೋ ದೀಪವನ್ನೋ ಹಚ್ಚಿ.

ಹಳದಿ ಬಣ್ಣದ ಡ್ರಾಪ್ ಕಿಟ್ 3 ತೋರಿಸುತ್ತದೆ, ಆದರೂ ನೀರು ವಾಸನೆ. ಇನ್ನೊಂದು ಗುಲಾಬಿ ಕಿಟ್‌ನಲ್ಲಿ ಬಣ್ಣವೇ ಬರುವುದಿಲ್ಲ. ಯಾವುದನ್ನು ನಂಬುವುದು?
— ನಂಜನಗೂಡು ರಸ್ತೆ, ಮೈಸೂರು

ಹಳದಿ ಕಿಟ್ ಕ್ಲೋರಮೈನನ್ನೂ ಸೇರಿಸಿ ಒಟ್ಟು ಕ್ಲೋರಿನ್ ತೋರಿಸುತ್ತದೆ, ಕೆಲಸಕ್ಕೆ ಬರುವ ಭಾಗ ಎಷ್ಟೆಂದು ಹೇಳುವುದಿಲ್ಲ. ಗುಲಾಬಿಯದು ಡಿಪಿಡಿ ಕಿಟ್, ಅದು ಕೆಲಸಕ್ಕೆ ಬರುವ ಭಾಗವನ್ನು ತೋರಿಸುತ್ತದೆ. ಅದರಲ್ಲಿ ಬಣ್ಣ ಬಾರದಿರುವುದಕ್ಕೆ ಎರಡು ಕಾರಣವಿರಬಹುದು: ಒಂದೋ ಕ್ಲೋರಿನ್ ಇಲ್ಲ, ಇಲ್ಲವೇ 10 ದಾಟಿ ಬಣ್ಣವನ್ನೇ ಬಿಳುಚಿಸಿದೆ. ಒಂದು ಪಾಲು ಟಬ್ ನೀರಿಗೆ ನಾಲ್ಕು ಪಾಲು ಬಿಸ್ಲೆರಿಯಂಥ ಬಾಟಲಿ ನೀರು ಬೆರೆಸಿ ಮತ್ತೆ ನೋಡಿ. ಗುಲಾಬಿ ಬಂದರೆ ಅಂಕಿಯನ್ನು ಐದರಿಂದ ಗುಣಿಸಿ. ನಿಮ್ಮ ವಾಸನೆಯ ವಿವರ ನೋಡಿದರೆ ಮೊದಲ ಕಾರಣವೇ ಇರಬೇಕು.

ಎಣ್ಣೆ ಸ್ನಾನ ಮಾಡಿ ಇಳಿದರೆ ನೊರೆ ಬರುತ್ತದೆ.
— ಚಾಮರಾಜಪುರಂ, ಮೈಸೂರು

ಬಂದೇ ಬರುತ್ತದೆ. ತಲೆಯಲ್ಲಿ ಉಳಿದ ಹರಳೆಣ್ಣೆ, ಸೀಗೆಕಾಯಿ, ಬಟ್ಟೆಯಲ್ಲಿ ಉಳಿದ ಸೋಪಿನ ಪುಡಿ, ಎಲ್ಲವೂ ಕ್ಲೋರಿನ್ ತಿನ್ನುತ್ತವೆ. ಆ ದಿನ ಟಬ್ ಬೇಡ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ಪೈಪಿನ ನೀರಿನಲ್ಲಿ ಮಡಿಕೆ ಮಡಿಕೆ ಬಿಡಿಸಿ ತೊಳೆಯಿರಿ, ತಿಂಗಳಿಗೊಮ್ಮೆ ಫಿಲ್ಟರ್ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸಿಡಿ. ನೊರೆ ಇಳಿಸುವ ದ್ರಾವಣ ಫೋಟೋ ತೆಗೆಯುವ ಹೊತ್ತಿಗೆ ಮಾತ್ರ ಆದೀತು.

ಖಾಲಿ ಮಾಡುವ ಉಪ್ಪುನೀರನ್ನು ಪಕ್ಕದ ಕಬ್ಬಿನ ಗದ್ದೆಗೋ ತೆಂಗಿಗೋ ಬಿಡಬಹುದೆ? ಸುಮ್ಮನೆ ಚರಂಡಿ ಪಾಲಾಗುತ್ತದಲ್ಲ ಎಂದು ಬೇಸರ.
— ಪಾಂಡವಪುರ ತಾಲ್ಲೂಕು

ಕಬ್ಬಿಗೆ ಬೇಡ, ಭತ್ತಕ್ಕೂ ಬೇಡ. ಎರಡೂ ಉಪ್ಪು ತಡೆಯದ ಬೆಳೆಗಳು, ಸೋಡಿಯಂ ಸೇರಿದಷ್ಟೂ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ. ಮಲ್ಲಿಗೆ, ಕರಿಬೇವು, ವೀಳ್ಯದೆಲೆಯ ಬುಡಕ್ಕಂತೂ ಬೇಡವೇ ಬೇಡ. ತೆಂಗು ಉಪ್ಪು ತಡೆಯುತ್ತದೆ. ಯಂತ್ರ ಆರಿಸಿ, ಮುಚ್ಚಳ ತೆಗೆದು ಎರಡು ಮೂರು ದಿನ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಸೊನ್ನೆಯೆಂದು ಅಳೆದ ಮೇಲೆ ಹತ್ತಾರು ತೆಂಗಿನ ಮರಗಳಿಗೆ ಹಂಚಿ, ಹಿಂದೆಯೇ ಒಳ್ಳೆಯ ನೀರು ಹಾಯಿಸಿ. ಪ್ರತಿ ಸಲವೂ ಅದೇ ಬುಡಕ್ಕೆ ಬಿಡಬೇಡಿ. ಬೋರಿಕ್ ಆಮ್ಲ ಹಾಕಿದ್ದರೆ ತೆಂಗಿಗೂ ಇಲ್ಲ: ಲೀಟರಿಗೆ ಒಂದೆರಡು ಮಿಲಿಗ್ರಾಂ ಬೋರಾನ್ ದಾಟಿದರೆ ಅನೇಕ ಗಿಡಗಳ ಎಲೆ ಅಂಚಿನಿಂದ ಸುಡುತ್ತಾ ಬರುತ್ತದೆ, ನಿಮ್ಮ ನೀರಿನಲ್ಲಿ 50 ಇದೆ. ನಾಲೆಗೆ, ಕೆರೆಗೆ, ಮಳೆನೀರಿನ ಮೋರಿಗೆ ಯಾವ ಸ್ಥಿತಿಯಲ್ಲೂ ಬಿಡಬಾರದು. ಯುಜಿಡಿ (ಒಳಚರಂಡಿ) ಇರುವ ಕಡೆ ಅದಕ್ಕೇ ಬಿಡಿ. ಇಲ್ಲದ ಕಡೆ ಬೆಳೆಯಿಂದಲೂ ಬೋರ್‌ವೆಲ್ಲಿನಿಂದಲೂ ದೂರವಿರುವ ಖಾಲಿ ನೆಲದಲ್ಲಿ, ಒಂದೇ ಸಲಕ್ಕೆ ಹರಿಯಗೊಡದೆ, ಸ್ವಲ್ಪ ಸ್ವಲ್ಪವಾಗಿ ಇಂಗಲು ಬಿಡಿ. ಸೆಪ್ಟಿಕ್ ಟ್ಯಾಂಕಿಗೆ ಬೇಡ; 1200 ಲೀಟರ್ ಒಮ್ಮೆಗೇ ನುಗ್ಗಿದರೆ ತಳದ ಗಸಿ ಕದಡಿ ಸೋಕ್‌ಪಿಟ್ ಕಟ್ಟಿಕೊಳ್ಳುತ್ತದೆ.